ಇಪ್ಪತ್ಮೂರರ ಅರ್ಧ

ಡುಲೂತಿನಲ್ಲಿ ಜನವರಿ. ಸರೋವರ ದಡದಿಂದ ಶುರುಮಾಡಿ
ಒಳಗೊಳಗೇ ಹೆಪ್ಪುಗಟ್ಟುತ್ತ ಹೋಗಿದೆ.
ಗಾಳದಂಗಡಿಯ ನೆಲಮಾಳಿಗೆಯಲ್ಲಿ
ಶುಕ್ರವಾರದ ನಾವು ನಾಲ್ಕು ಜನ, ಒಂದು ಹೀಟರು,
ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಪ್ರಾಣ,
ಅಳಿಸಲು ಬರುವಂತೆ.

ಆಟ ನಡೆಸುವವಳು ಮಾರ್ಲಿಸ್ ಕಿವೆಲಾ.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ
ಈಗೊಂದು ಕೆಂಪು ಡ್ರ್ಯಾಗನ್ನನ್ನು ಗುಹೆಯಿಂದ
ಹಿಂದೆ ಮುಂದೆ ನೋಡಿ ಹೊರಗೆ ತೆಗೆಯಿತು.
ಅದು ಬಾಯಿ ತೆರೆಯಿತು.
ದಾಳಗಳು ಉರುಳಿ, ಚಿಪ್ಸಿನ ಬಟ್ಟಲಿಗೆ ತಾಗಿ, ನಿಂತವು.
ಗರ ಇಪ್ಪತ್ಮೂರು.
ಬೆಂಕಿ.

"ನನಗೆ ಬೆಂಕಿ ಕಾಲುಭಾಗ" ಎಂದ ಡ್ವೇನ್ ಬುದ್ರೋ.
ಹಡಗುಕಟ್ಟೆಯ ವೆಲ್ಡರು. ಮೊಣಕೈವರೆಗೂ
ಕಿಡಿ ಕಚ್ಚಿದ ಗುರುತು, ಸಾಸಿವೆ ಸಿಡಿದ ಹಾಗೆ.
ಇಲ್ಲಿ ಮಾತ್ರ ಅವನು ಗಡ್ಡದ ಕುಳ್ಳ:
ಬೆರಳಲ್ಲಿ ಬೆಂಕಿ ತಡೆಯುವ ಉಂಗುರ,
ಹೆಗಲಲ್ಲಿ ಬೆಂಕಿ ತಡೆಯುವ ಕಂಬಳಿ.
"ಉಂಗುರಕ್ಕೆ ಅರ್ಧ. ಉಳಿದದ್ದರಲ್ಲಿ ಕಂಬಳಿಗೆ ಅರ್ಧ.
ಲೆಕ್ಕ ಮಾಡಿಕೋ."

ಮಾರ್ಲಿಸ್ ತಲೆ ಎತ್ತಲಿಲ್ಲ.
"ಎರಡಿದ್ದರೂ ಅರ್ಧ, ಹತ್ತಿದ್ದರೂ ಅರ್ಧ.
ಅರೆಯ ಮೇಲೆ ಅರೆ ಕೂರುವುದಿಲ್ಲ, ಡ್ವೇನ್."

ನನಗೆ ಗೊತ್ತು. ಲಿಡಿಯಾ ಬಿಟ್ಟುಹೋದ ಚಳಿಗಾಲ
ನಾನು ಕುಡಿತವನ್ನೂ ಇಟ್ಟುಕೊಂಡೆ, ಚರ್ಚನ್ನೂ ಇಟ್ಟುಕೊಂಡೆ.
ಅರ್ಧ ಒಳಗೆ ಬಂದೇ ಬಂತು.

"ಹಳೆಯ ಪುಸ್ತಕವೇ ಚೆನ್ನಾಗಿತ್ತು" ಡ್ವೇನ್ ಗೊಣಗಿದ.
"ಆಗ ಪ್ರತಿ ಏಟಿಗೂ ಐದು ಕಳೆ, ಮುಗಿಯಿತು.
ಇಲಿ ಕಚ್ಚಿದರೆ, ಚೂರಿ ಗೀರಿದರೆ, ಸೊನ್ನೆ.
ದೊಡ್ಡದು ಬಂದರೆ ಬಂತು.
ಈಗ ನೋಡು, ಎಲ್ಲವೂ ಅರ್ಧರ್ಧ ತಾಗುತ್ತದೆ."
ಆ ಐದನ್ನು ಮುರಿಯುವ ಲೋಹವೂ ಒಂದಿರುತ್ತಿತ್ತು;
ಕೆಲವರಿಗೆ ಬೆಳ್ಳಿ, ಕೆಲವರಿಗೆ ತಣ್ಣನೆಯ ಕಬ್ಬಿಣ.
ಡ್ವೇನನ ಬೆಳ್ಳಿ ಯಾವುದೆಂದು ಒಮ್ಮೆ ಕೇಳಿಸಿಕೊಂಡಿದ್ದೇನೆ:
ಫೋನಿನ ಆಚೆ ಅವನ ತಮ್ಮ,
ಜಗಳವಿಲ್ಲದ ದನಿಯಲ್ಲಿ, "ಪರವಾಗಿಲ್ಲ ಬಿಡು."

"ಅಜ್ಜಿ, ಶಾಪ!" ಎಂದ ಲೀಫ್.
ಹನ್ನೊಂದು ವರ್ಷ, ಬಾಯಲ್ಲಿ ತಂತಿ ಹಾಕಿದ ಹಲ್ಲು,
ನಮ್ಮೆಲ್ಲರ ಪಾಪವನ್ನೂ ನೆನಪಿಡುವವನು.
ಹೌದಲ್ಲ. ಹೋದ ವಾರ ಜವುಗಿನ ಮಾಟಗಾತಿ
ಡ್ವೇನನ ಹೆಸರು ಹಿಡಿದು ಮೂರು ಸಲ ಉಗುಳಿದ್ದಳು:
ಬೆಂಕಿ ನಿನಗೆ ಇಮ್ಮಡಿಯಾಗಲಿ.

ಹೀಟರು ಕಟಕಟ ಅಂದಿತು.
"ಮೊದಲು ಅರ್ಧ, ಆಮೇಲೆ ಇಮ್ಮಡಿ" ಎಂದಳು ಮಾರ್ಲಿಸ್,
"ಕ್ರಮ ತಪ್ಪಬಾರದು."
ಇಪ್ಪತ್ಮೂರರ ಅರ್ಧ ಹನ್ನೊಂದೂವರೆ.
ಅರೆಯನ್ನು ಬಿಡು, ಹನ್ನೊಂದು.
ಹನ್ನೊಂದೆರಡಲ ಇಪ್ಪತ್ತೆರಡು.

"ಒಂದು ಎಲ್ಲಿ ಹೋಯಿತು?"
"ಅರೆ ಬಂದರೆ ಕೆಳಕ್ಕೆ ಇಳಿಸಬೇಕು, ಮರಿ. ನಿಯಮ."
"ಕೆಳಕ್ಕೆ ಅಂದರೆ?"
ಯಾರೂ ಮಾತಾಡಲಿಲ್ಲ.
ಹುಡುಗ ನಿಜವಾಗಿಯೂ ಬಗ್ಗಿ ಮೇಜಿನ ಕೆಳಗೆ ನೋಡಿದ:
ನಾಲ್ಕು ಜೊತೆ ಒದ್ದೆ ಬೂಟು,
ಕಳೆದ ವರ್ಷ ಕಳೆದ ಹಸಿರು ದಾಳ.

ಡ್ವೇನ್ ರಬ್ಬರಿನಿಂದ ಉಜ್ಜುತ್ತಿದ್ದ.
ಅವನಲ್ಲಿದ್ದದ್ದು ಇಪ್ಪತ್ಮೂರು ಪ್ರಾಣ.
ಉಜ್ಜಿ, ಊದಿ, ದಪ್ಪ ಬೆರಳಲ್ಲಿ
ಗುಂಡಗೆ ಬರೆದ: ೧.
ಹಾಳೆಯನ್ನು ಹುಡುಗನ ಕಡೆ ತಿರುಗಿಸಿದ,
ಏನೂ ಹೇಳಲಿಲ್ಲ.

ಅಷ್ಟರಲ್ಲಿ ನನ್ನ ಫೋನು ನಡುಗಿತು.
ಬೆಟ್ಟದ ರಸ್ತೆಗೆ ಆರು ಇಂಚು ಹಿಮ, ಲಾರಿ ತಗೊಂಡು ಬಾ.
ಇಡೀ ಊರಿಗೆ ಉಪ್ಪು ಎರಚುವ ಕೆಲಸ ನನ್ನದು;
ಎಷ್ಟು ಎರಚಿದರೂ ಅರ್ಧ ಜನ ಜಾರುತ್ತಾರೆ.

ಕೋಟು ಹಾಕಿಕೊಳ್ಳುತ್ತ ಮೆಟ್ಟಿಲ ಹತ್ತಿರ ನಿಂತೆ.
ಡ್ವೇನ್ ಉಂಗುರವಿಲ್ಲದ ಬೆರಳಲ್ಲಿ ಉಂಗುರವನ್ನು ತಿರುಗಿಸುತ್ತಿದ್ದ.

"ಈಗ ಬಾಲ" ಎಂದಳು ಮಾರ್ಲಿಸ್, ದಾಳ ಎತ್ತಿಕೊಂಡು.
ಬಾಲ ಬೆಂಕಿಯಲ್ಲ.